ಮೇಲೆ ಹೊಳಪು, ಒಳಗೆ ಲಡ್ಡು: ಹಳೇ ಹಾಯಿದೋಣಿಯ ನೆಲ ಬಿಚ್ಚಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇರೋರು ಹಾಗೇ ಕೇಳ್ತಾ ಹೋಗಿ. ಮನೇಲಿ ಇರೋರು ಮಾತ್ರ ಒಂದು ಸಣ್ಣ ಕೆಲಸ ಮಾಡಿ. ಅಡುಗೆಮನೆಗೆ ಹೋಗಿ, ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆಗೆದು, ತಳದ ಹಲಗೆಯನ್ನ ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿಯಾಗಿದ್ಯಾ? ಸಂತೋಷ. ಮೆತ್ತಗೆ ಒಳಗೆ ಹೋಯ್ತಾ? ಹಾಗಾದ್ರೆ ಈ ಸಂಚಿಕೆ ನಿಮಗೇ.

ಮೇಲಿನ ಮೈಕಾ ನೋಡಿದ್ರೆ ಹೊಸದರ ಹಾಗೇ ಹೊಳೀತಿರುತ್ತೆ. ಒಳಗಿನ ಪ್ಲೈವುಡ್ ಮಾತ್ರ ಹಿಟ್ಟಾಗಿರುತ್ತೆ. ಇವತ್ತು ನಾನು ಹೇಳ್ತಿರೋದೂ ಇದೇ ಕಥೆ. ಆದ್ರೆ ಅಡುಗೆಮನೆದಲ್ಲ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಅನಾಪೊಲಿಸ್ ಊರಿನ ಹತ್ತಿರ ಇರೋ ಒಂದು ಹಳೇ ಹಾಯಿದೋಣಿದು. ಅನಾಪೊಲಿಸ್ ಇರೋದು ಚೆಸಪೀಕ್ ಕೊಲ್ಲಿಯ ದಡದಲ್ಲಿ. ನಮ್ಮೂರಲ್ಲಿ ಮನೆ ಮುಂದೆ ಬೈಕ್ ನಿಂತಿರೋ ಹಾಗೆ ಅಲ್ಲಿ ಕೆಲವರ ಮನೆ ಹಿಂದೆ ದೋಣಿ ನಿಂತಿರುತ್ತೆ.

ನಮ್ಮ ಅಕ್ಕ, ಭಾವ ಅಲ್ಲೇ ಇರೋದು. ಮೂರು ವರ್ಷದ ಹಿಂದೆ ಭಾವ 30 ಅಡಿಯ ಒಂದು ಫೈಬರ್‌ಗ್ಲಾಸ್ ಹಾಯಿದೋಣಿ ತಗೊಂಡ್ರು. 1970ರ ದಶಕದಲ್ಲಿ ಕಟ್ಟಿದ್ದು. ಬೆಲೆ 6,500 ಡಾಲರ್. ಸೆಕೆಂಡ್ ಹ್ಯಾಂಡ್ ಕಾರಿಗಿಂತ ಕಡಿಮೆ! ತಜ್ಞರನ್ನ ಕರೆಸಿ ತಪಾಸಣೆ ಮಾಡಿಸೋಕೆ ಇನ್ನೊಂದು 600 ಡಾಲರ್ ಆಗುತ್ತೆ ಅಂತ ಅದನ್ನ ಬಿಟ್ರು. ನಾನು ಬಿ.ಕಾಂ ಓದಿದವಳು. ಯಾರಾದ್ರೂ ಆಡಿಟ್ ಖರ್ಚು ಉಳಿಸಿದೆ ಅಂದಾಗೆಲ್ಲ ನನಗೆ ಸ್ವಲ್ಪ ಹೊಟ್ಟೆ ತೊಳಸುತ್ತೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಆ ಉಳಿತಾಯದ ಬಿಲ್ ಬಂದಿತ್ತು.

ಕಾಕ್‌ಪಿಟ್ ಅಂದ್ರೆ ವಿಮಾನದ್ದಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಹಾಯಿದೋಣಿಯಲ್ಲೂ ಕಾಕ್‌ಪಿಟ್ ಇರುತ್ತೆ. ದೋಣಿಯ ಹಿಂಭಾಗದಲ್ಲಿ ತೊಟ್ಟಿಯ ಹಾಗೆ ತಗ್ಗಾಗಿರೋ, ಮೇಲೆ ಚಾವಣಿ ಇಲ್ಲದ ಜಾಗ ಅದು. ಎರಡೂ ಕಡೆ ಕೂರೋಕೆ ಜಗಲಿ, ಮಧ್ಯದಲ್ಲಿ ನಿಲ್ಲೋಕೆ ನೆಲ. ಭಾವನ ದೋಣಿಯಲ್ಲಿ ಆ ನೆಲದ ಮೇಲೆ ಸೊಂಟದೆತ್ತರದ ಒಂದು ಕಂಬ, ಅದಕ್ಕೆ ದೊಡ್ಡ ಸ್ಟೇರಿಂಗ್ ಚಕ್ರ. ಚಕ್ರ ತಿರುಗಿಸಿದ್ರೆ ಕಂಬದ ಒಳಗಿನ ಸರಪಳಿ ಮತ್ತು ಉಕ್ಕಿನ ಕೇಬಲ್ ನೆಲದ ಕೆಳಗಿರೋ ರಾಟೆಗಳ ಮೂಲಕ ಹೋಗಿ ಚುಕ್ಕಾಣಿಯನ್ನ ತಿರುಗಿಸುತ್ತೆ.

ಈ ನೆಲಕ್ಕೆ ಮೂರು ಕೆಲಸ. ಒಂದು, ನಿಂತವರ ಭಾರ ಹೊರೋದು. ಎರಡು, ಸ್ಟೇರಿಂಗ್ ಕಂಬವನ್ನ ಅಲ್ಲಾಡದ ಹಾಗೆ ಹಿಡಿದುಕೊಳ್ಳೋದು. ಮೂರನೇದು ಬಹಳ ಜನಕ್ಕೆ ಗೊತ್ತಿರಲ್ಲ. ಈ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರುತ್ತೆ. ದೊಡ್ಡ ಅಲೆ ಬಂದು ಕಾಕ್‌ಪಿಟ್ ತುಂಬಿದ್ರೂ ಮೂಲೆಯ ಕಿಂಡಿಗಳಿಂದ ಪೈಪ್ ಮೂಲಕ ನೀರು ತಾನಾಗೇ ಹೊರಗೆ ಹೋಗಬೇಕು. ಅರ್ಧ ಘನ ಮೀಟರ್ ನೀರು ಅಂದ್ರೆ 500 ಕೆ.ಜಿ. ಅದು ಇಳಿದು ಹೋಗೋವರೆಗೆ ಆ ಭಾರವನ್ನ ಹೊತ್ತು ನಿಲ್ಲೋದು ಇದೇ ನೆಲ. ನೆಲ ಬಿರುಕು ಬಿಟ್ರೆ ನೀರು ಹೊರಗೆ ಹೋಗೋ ಬದಲು ದೋಣಿಯ ಹೊಟ್ಟೆಗೆ ಇಳಿಯುತ್ತೆ.

ಭಾವ ಒಂದು ಭಾನುವಾರ ಗಾಳಿ ಜೋರಾಗಿದ್ದಾಗ ಚಕ್ರ ತಿರುಗಿಸಿದ್ರಂತೆ. ಚುಕ್ಕಾಣಿ ತಿರುಗೋ ಬದಲು ಕಂಬವೇ ವಾಲಿತು! ಕಂಬ ವಾಲಿದ್ರೆ ಕೇಬಲ್ ಸಡಿಲ ಆಗುತ್ತೆ. ಕೇಬಲ್ ರಾಟೆಯಿಂದ ಜಾರಿದ್ರೆ ದೋಣಿ ನಿಮ್ಮ ಮಾತು ಕೇಳಲ್ಲ. ಆವತ್ತು ದೋಣಿಯಲ್ಲಿ ಅಕ್ಕ, ಅವಳ ಆರು ವರ್ಷದ ಮಗ ಇಬ್ರೂ ಇದ್ರು. ಹಾಗೇ ನಿಧಾನಕ್ಕೆ ಎಂಜಿನ್ ಹಾಕ್ಕೊಂಡು ದಡಕ್ಕೆ ಬಂದ್ರು. ಮಾರನೇ ವಾರ ದೋಣಿಯನ್ನ ನೀರಿಂದ ಎತ್ತಿಸಿ ಯಾರ್ಡ್‌ನಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ರು.

ಸ್ಯಾಂಡ್‌ವಿಚ್ ಲೆಕ್ಕ

"ಫೈಬರ್ ಕೊಳೆಯಲ್ಲ ಅಲ್ವಾ ಭಾವ?" ಅಂತ ನಾನು ಕೇಳಿದೆ. ನಿಮಗೂ ಅದೇ ಪ್ರಶ್ನೆ ಬಂದಿರಬೇಕು. ಹೌದು, ಫೈಬರ್‌ಗ್ಲಾಸ್ ಕೊಳೆಯಲ್ಲ. ಕೊಳೆಯೋದು ಅದರ ಮಧ್ಯೆ ಇರೋ ಮರ.

ಅಮೆರಿಕದಲ್ಲಿ ಫೈಬರ್‌ಗ್ಲಾಸ್ ಹಾಯಿದೋಣಿಗಳು ಜನಸಾಮಾನ್ಯರ ಕೈಗೆ ಬಂದಿದ್ದು 1950ರ ದಶಕದ ಕೊನೆಯಲ್ಲಿ. 1959ರ ನ್ಯೂಯಾರ್ಕ್ ಬೋಟ್ ಪ್ರದರ್ಶನದಲ್ಲಿ ಪಿಯರ್ಸನ್ ಸೋದರಸಂಬಂಧಿಗಳು ಟ್ರೈಟನ್ ಅನ್ನೋ 28 ಅಡಿ ದೋಣಿ ತೋರಿಸಿದ್ರು. ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು. ಅಲ್ಲಿಂದ ಮುಂದೆ ಅಚ್ಚಿನಲ್ಲಿ ದೋಣಿ ಎರಕ ಹೊಯ್ದ ಹಾಗೆ ಸಾವಿರಾರು ದೋಣಿಗಳು ಬಂದ್ವು. ಅವು ಇವತ್ತಿಗೂ ತೇಲ್ತಿವೆ. ಅದೇ ಅವುಗಳ ಹೆಚ್ಚುಗಾರಿಕೆ, ಅದೇ ಅವುಗಳ ತಲೆನೋವು ಕೂಡ.

ಬರೀ ಫೈಬರ್‌ಗ್ಲಾಸಲ್ಲಿ ನೆಲ ಮಾಡಿದ್ರೆ ಅದು ಕಾಲಿಟ್ಟಾಗ ಬಗ್ಗುತ್ತೆ. ಬಗ್ಗಬಾರದು ಅಂದ್ರೆ ದಪ್ಪ ಮಾಡಬೇಕು. ದಪ್ಪ ಮಾಡಿದ್ರೆ ತೂಕ, ಖರ್ಚು ಎರಡೂ ಏರುತ್ತೆ. ಅದಕ್ಕೆ ಎಂಜಿನಿಯರ್‌ಗಳು ಕಂಡುಕೊಂಡ ಉಪಾಯ ಸ್ಯಾಂಡ್‌ವಿಚ್. ಒಂದೇ ದಪ್ಪ ಹಲಗೆಯನ್ನ ಮಧ್ಯಕ್ಕೆ ಸೀಳಿ ಎರಡು ತೆಳು ಪದರ ಮಾಡಿದ್ರಿ ಅಂದ್ಕೊಳ್ಳಿ. ಅವೆರಡರ ನಡುವೆ ಹಗುರವಾದ ತಿರುಳು ಇಟ್ಟು, ಒಟ್ಟು ದಪ್ಪ ಮೊದಲಿನ ಎರಡರಷ್ಟು ಮಾಡಿದ್ರೆ, ಬಗ್ಗದೆ ನಿಲ್ಲೋ ಶಕ್ತಿ ಸುಮಾರು ಏಳು ಪಟ್ಟಾಗುತ್ತೆ. ನಾಲ್ಕರಷ್ಟು ದಪ್ಪ ಮಾಡಿದ್ರೆ 37 ಪಟ್ಟು! ತೂಕ ಏರೋದು ಮಾತ್ರ ಸ್ವಲ್ಪವೇ. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಲಾಭ ನಾನು ಯಾವ ಪಠ್ಯದಲ್ಲೂ ಓದಿಲ್ಲ.

ಆದ್ರೆ ಒಂದು ಷರತ್ತು. ಮೇಲ್ಪದರ, ತಿರುಳು, ಕೆಳಪದರ ಮೂರೂ ಒಂದಕ್ಕೊಂದು ಅಂಟಿಕೊಂಡಿರಬೇಕು. ಅಂಟು ಬಿಟ್ಟ ಕ್ಷಣ ಲೆಕ್ಕ ವಾಪಸ್ಸು. ಮತ್ತೆ ಎರಡು ತೆಳು ಪದರ, ಮಧ್ಯೆ ಕಸ.

ಆ ಕಾಲದ ಬಹಳಷ್ಟು ದೋಣಿಗಳಲ್ಲಿ ತಿರುಳು ಅಂದ್ರೆ ಬಾಲ್ಸಾ ಮರ ಅಥವಾ ಪ್ಲೈವುಡ್. ಬಾಲ್ಸಾ ಹೆಚ್ಚಾಗಿ ಬರೋದು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದಿಂದ. 1947ರಲ್ಲಿ ಥೋರ್ ಹೆಯರ್‌ಡಾಲ್ ಪೆಸಿಫಿಕ್ ಸಾಗರ ದಾಟಿದ ಕೊನ್-ಟಿಕಿ ತೆಪ್ಪ ಇದೇ ಮರದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗೋದು ನೋಡಿರ್ತೀರಲ್ಲ, ಪ್ರಪಂಚದಾದ್ಯಂತ ಅಂಥ ಯಂತ್ರಗಳ ರೆಕ್ಕೆ ಮಾಡೋಕೂ ಬಾಲ್ಸಾ ಅಥವಾ ಫೋಮ್ ತಿರುಳಿನ ಸ್ಯಾಂಡ್‌ವಿಚ್ಚನ್ನೇ ಬಳಸ್ತಾರೆ. ಹಾಗಾಗಿ ಬಾಲ್ಸಾ ಕೆಟ್ಟ ಸಾಮಾನೇನಲ್ಲ. ಒಣಗಿರೋವರೆಗೆ ಅದು ಚಿನ್ನ.

ನೀರು ಬಂದಿದ್ದು ಎಲ್ಲಿಂದ?

ಮರ ಕೊಳೆಸೋದು ನೀರಲ್ಲ, ಶಿಲೀಂಧ್ರ. ಆದ್ರೆ ಅದಕ್ಕೆ ನೀರು ಬೇಕು. ಮರದಲ್ಲಿ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ರೆ ಅದು ಬೆಳೆಯೋಕೆ ಆಗಲ್ಲ. ನೆನೆದು ಹಾಗೇ ಉಳಿದ್ರೆ, ಗಾಳಿ ಸ್ವಲ್ಪ, ಬೆಚ್ಚಗೆ ಸ್ವಲ್ಪ ಸಿಕ್ರೆ ಶುರು. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರ ಒಣಗೋಕೆ ಬಿಸಿಲು, ಗಾಳಿ ಸಿಗುತ್ತೆ. ಸ್ಯಾಂಡ್‌ವಿಚ್ ಒಳಗೆ ಸೇರಿದ ನೀರಿಗೆ ಹೊರಗೆ ಹೋಗೋ ದಾರಿಯೇ ಇಲ್ಲ. ಮೇಲೆ ಕೆಳಗೆ ಎರಡೂ ಕಡೆ ನೀರು ದಾಟದ ಫೈಬರ್. ಚೆಸಪೀಕ್ ಕಡೆ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರಗಳನ್ನ ಇನ್ನಷ್ಟು ಬಿಡಿಸುತ್ತೆ.

ಒಳಗೆ ಹೋಗಿದ್ದು ಹೇಗೆ? ಬೋಲ್ಟ್ ರಂಧ್ರದಿಂದ. ಸ್ಟೇರಿಂಗ್ ಕಂಬವನ್ನ ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿರ್ತಾರೆ. ಕಟ್ಟಿದವರು ಮೇಲ್ಪದರ, ತಿರುಳು, ಕೆಳಪದರ ಮೂರಕ್ಕೂ ಸೀದಾ ಡ್ರಿಲ್ ಹೊಡೆದು, ಸುತ್ತ ಒಂದಿಷ್ಟು ಸೀಲಂಟ್ ಬಳಿದು, ನಟ್ ಬಿಗಿದಿದ್ದಾರೆ. ಸೀಲಂಟ್ ಹತ್ತಿಪ್ಪತ್ತು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತೆ. ಚಕ್ರ ಹಿಡಿದು ಜನ ಜೋತಾಡಿದ ಹಾಗೆಲ್ಲ ಬೋಲ್ಟ್ ಕೂದಲೆಳೆಯಷ್ಟು ಅಲುಗಾಡುತ್ತೆ. ಪ್ರತಿ ಮಳೆಗೂ ಒಂದೊಂದು ಹನಿ. 40 ವರ್ಷದ ಮಳೆಗೆ ಎಷ್ಟಾಯ್ತು?

ಎಲ್ಲಿವರೆಗೆ ಕೊಳೆತಿದೆ ಅಂತ ತಿಳಿಯೋಕೆ ದುಬಾರಿ ಯಂತ್ರ ಬೇಕಾಗಿಲ್ಲ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ನೆಲವನ್ನ ಇಂಚಿಂಚಾಗಿ ತಟ್ಟಬೇಕು. ಗಟ್ಟಿ ಇರೋ ಕಡೆ ಟಕ್ ಟಕ್ ಅಂತ ಸ್ಪಷ್ಟ ಸದ್ದು. ಕೊಳೆತ ಕಡೆ ದಬ್ ದಬ್. ಮಾರುಕಟ್ಟೆಯಲ್ಲಿ ಕಲ್ಲಂಗಡಿ ತಟ್ಟಿ ನೋಡಲ್ವಾ, ಅದೇ ವಿದ್ಯೆ. ಸದ್ದು ಬದಲಾದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ. ಆಮೇಲೆ ಅನುಮಾನ ಇರೋ ಕಡೆ ಸಣ್ಣ ಡ್ರಿಲ್ ಹಾಕಿ, ಬಂದ ಪುಡಿ ನೋಡಬೇಕು. ಒಣಗಿದ ತಿಳಿ ಬಣ್ಣದ ಪುಡಿ ಬಂದ್ರೆ ಬಚಾವ್. ಕಪ್ಪು ಒದ್ದೆ ಮುದ್ದೆ ಬಂದ್ರೆ ಗೆರೆಯನ್ನ ಇನ್ನೂ ಹೊರಗೆ ಸರಿಸಿ.

ಕಾಲಿಗೆ ಮೆತ್ತಗೆ ಅನಿಸಿದ್ದು ಒಂದು ಲ್ಯಾಪ್‌ಟಾಪ್‌ನಷ್ಟು ಜಾಗ. ಪೆನ್ಸಿಲ್ ಗೆರೆ ಮುಗಿದಾಗ ಅದು ಅರ್ಧ ಬಾಗಿಲಿನಷ್ಟಾಗಿತ್ತು.

ಸಿರಿಂಜ್ ವೈದ್ಯ

ಯಾರ್ಡ್‌ನವರು ಕೊಟ್ಟ ಅಂದಾಜು 7,000 ಡಾಲರ್. ದೋಣಿಯ ಬೆಲೆಗಿಂತ ಜಾಸ್ತಿ. ಭಾವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮಾರನೇ ದಿನ ಒಂದು ಅಗ್ಗದ ಉಪಾಯ ತಂದ್ರು. ನೆಲದಲ್ಲಿ ಸಾಲಾಗಿ ಸಣ್ಣ ತೂತು ಕೊರೆದು, ಸಿರಿಂಜ್‌ನಲ್ಲಿ ನೀರಿನಂಥ ತೆಳು ಎಪಾಕ್ಸಿ ತುಂಬಿಸಿ, ಮೇಲೆ ಬಣ್ಣ ಹೊಡೆಯೋದು. 100 ಡಾಲರ್, ಒಂದು ಭಾನುವಾರ. ಬಣ್ಣ ಒಣಗಿದ ಮೇಲೆ ಮಾರಿಬಿಡೋದು.

ಈ ಉಪಾಯ ಯಾಕೆ ಕೆಲಸ ಮಾಡಲ್ಲ ಅನ್ನೋದನ್ನ ಗಮನವಿಟ್ಟು ಕೇಳಿ. ನೀರು ಕುಡಿದ ಮರ ಎಪಾಕ್ಸಿ ಕುಡಿಯಲ್ಲ. ಹಾಕಿದ ಎಪಾಕ್ಸಿ ಖಾಲಿ ಇರೋ ಸಂದುಗೊಂದಿಗೆ ಹರಿದು ಅಲ್ಲಲ್ಲಿ ಗಂಟಾಗಿ ಗಟ್ಟಿಯಾಗುತ್ತೆ. ಅದರ ಸುತ್ತ ಕೊಳೆತ ಒದ್ದೆ ಮರ ಹಾಗೇ ಉಳಿಯುತ್ತೆ. ಪದರಗಳು ಒಂದಕ್ಕೊಂದು ಅಂಟೋದೂ ಇಲ್ಲ, ಯಾಕಂದ್ರೆ ನಡುವೆ ಇರೋದು ಹಿಟ್ಟು. ಕೆಲವು ತಿಂಗಳು ಗಟ್ಟಿ ಅನಿಸುತ್ತೆ, ಅಷ್ಟೇ. ಒಣಗಿರೋ ಜಾಗದಲ್ಲಿ ಪದರ ಸ್ವಲ್ಪ ಬಿಟ್ಟಿದೆ, ಮರ ಚೆನ್ನಾಗೇ ಇದೆ ಅಂದ್ರೆ ಮಾತ್ರ ಸಿರಿಂಜ್ ಉಪಯೋಗಕ್ಕೆ ಬರುತ್ತೆ.

ಇದನ್ನೆಲ್ಲ ಚರ್ಚೆ ಮಾಡ್ತಾ ಭಾವ ಕಂಬದ ಸುತ್ತ ಹಳೇ ಬಣ್ಣ ಕೆರೆದ್ರು. ಬಣ್ಣದ ಕೆಳಗೆ ಏನಿತ್ತು ಗೊತ್ತಾ? ಸಾಲಾಗಿ, ಒಂದೊಂದು ಇಂಚಿಗೆ ಒಂದು, ಫಿಲ್ಲರ್‌ನಿಂದ ಮುಚ್ಚಿದ ಸಣ್ಣ ಸಣ್ಣ ತೂತು. ಹಿಂದೆ ಯಾರೋ ಇದೇ ಸಿರಿಂಜ್ ವೈದ್ಯ ಮಾಡಿ, ಬಣ್ಣ ಹೊಡೆದು, ದೋಣಿ ಮಾರಿದ್ರು. ಕೊಂಡುಕೊಂಡವರು ನಮ್ಮ ಭಾವ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಹೇಳಿದ್ದು ಇಷ್ಟೇ: "ನಮ್ಮ ಮಗು ನಿಂತಿದ್ದ ಜಾಗ ರೀ ಇದು. ನಾಳೆ ಇನ್ಯಾರದೋ ಮಗು ನಿಲ್ಲುತ್ತೆ."

ಮಾರೋ ಮಾತು ಅಲ್ಲಿಗೆ ನಿಂತಿತು. ಭಾವ ಗ್ರೈಂಡರ್ ತರೋಕೆ ಹೋದ್ರು.

ಬಿಚ್ಚೋದು

ಮೊದಲ ನಿರ್ಧಾರ: ಮೇಲಿಂದ ಬಿಚ್ಚೋದಾ, ಕೆಳಗಿಂದಾನಾ? ಕೆಳಗಿಂದ ಮಾಡಿದ್ರೆ ಮೇಲಿನ ಅಂದ ಕೆಡಲ್ಲ. ಆದ್ರೆ ಕೆಳಗೆ ಎಂಜಿನ್ ಇದೆ, ಮಲಗಿಕೊಂಡು ತಲೆ ಮೇಲೆ ಕೆಲಸ ಮಾಡಬೇಕು, ಎಪಾಕ್ಸಿ ಮುಖದ ಮೇಲೆ ಸುರಿಯುತ್ತೆ. ಮೇಲಿಂದ ಮಾಡಿದ್ರೆ ಗುರುತ್ವಾಕರ್ಷಣೆ ನಮ್ಮ ಕಡೆ. ಹೇಗೂ ಬಣ್ಣ ಹೊಡೀಬೇಕು, ಮೇಲಿಂದಲೇ ಅಂತ ತೀರ್ಮಾನ ಆಯ್ತು.

ಚಕ್ರ, ಕಂಬ, ಕೇಬಲ್ ಎಲ್ಲ ಬಿಚ್ಚಿದ್ವಿ. ಪ್ರತಿಯೊಂದಕ್ಕೂ ಫೋನಲ್ಲಿ ಫೋಟೊ, ಟೇಪ್ ಮೇಲೆ ನಂಬರ್. ಇದು ನನ್ನ ಇಲಾಖೆ. ಮಳೆ ಬೀಳದ ಹಾಗೆ ಮೇಲೆ ಟಾರ್ಪಾಲು.

ಆಮೇಲೆ ಸುರಕ್ಷತೆ. ಇದನ್ನ ದಾಟಿಸಿ ಹೋಗಬೇಡಿ. ಫೈಬರ್‌ಗ್ಲಾಸ್ ದೂಳು ಅಂದ್ರೆ ಗಾಜಿನ ದೂಳು. ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಇರೋ ರೆಸ್ಪಿರೇಟರ್ ಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಮೈತುಂಬ ಬಟ್ಟೆ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಶುರುವಾಗಬಹುದು. ಒಮ್ಮೆ ಶುರುವಾದ್ರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ.

ಕತ್ತರಿಸುವಾಗ ಎರಡು ನಿಯಮ. ಮೇಲ್ಪದರ ಮಾತ್ರ ಕತ್ತರಿಸಬೇಕು, ಕೆಳಪದರಕ್ಕೆ ಬ್ಲೇಡ್ ತಾಗಬಾರದು. ನಮ್ಮ ದೋಣಿಯಲ್ಲಿ ಮೇಲ್ಪದರ ಸುಮಾರು 4 ಮಿ.ಮೀ., ತಿರುಳು 12 ಮಿ.ಮೀ., ಕೆಳಪದರ ಇನ್ನೂ ತೆಳು. ಬ್ಲೇಡಿನ ಆಳವನ್ನ ಮೊದಲೇ ಅಳೆದು ಕಟ್ಟಿಕೊಂಡ್ವಿ. ಎರಡನೇದು, ಗೋಡೆಯ ಅಂಚಿಗೆ ಕತ್ತರಿಸಬಾರದು. ಸುತ್ತ ಐದಾರು ಸೆಂಟಿಮೀಟರ್ ಹಳೇ ಪದರ ಬಿಡಬೇಕು. ಮುಚ್ಚುವಾಗ ಹೊಸ ಗ್ಲಾಸ್ ಬಟ್ಟೆ ಹಿಡಿದುಕೊಳ್ಳೋದು ಆ ಅಂಚನ್ನೇ.

ಕತ್ತರಿಸಿದ ಮೇಲ್ಪದರವನ್ನ ಮೀಟಿ ಎತ್ತಿದಾಗ ಅದು ಯಾವ ವಿರೋಧವೂ ಇಲ್ಲದೆ ಎದ್ದು ಬಂತು. ಅದೇ ಬೇಜಾರಿನ ವಿಷಯ. ಚೆನ್ನಾಗಿದ್ದಿದ್ರೆ ಅಷ್ಟು ಸುಲಭವಾಗಿ ಏಳಬಾರದಿತ್ತು. ಒಳಗೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪು ಮುದ್ದೆ, ಕೆರೆ ಕೆಸರಿನ ವಾಸನೆ. ನಾನು ಬಕೆಟ್‌ಗೆ ಗೋರಿ ಹಾಕಿದೆ. ಅಂಚಿನ ಕಡೆ ಬಂದ ಹಾಗೆ ಮರ ಗಟ್ಟಿಯಾಗ್ತಾ ಹೋಯ್ತು. ಅಲ್ಲಿ ಉಳಿ, ಸುತ್ತಿಗೆ. ಬಿಟ್ಟಿದ್ದ ಅಂಚಿನ ಕೆಳಗಿನ ಮರವನ್ನ ಬಗ್ಗಿಸಿದ ಸ್ಕ್ರೂಡ್ರೈವರ್‌ನಿಂದ ಕೆದಕಿ ತೆಗೆದ್ವಿ. ಎಲ್ಲಿವರೆಗೆ? ಒಣಗಿದ, ತಿಳಿ ಬಣ್ಣದ, ಉಗುರು ಊರದ ಮರ ಸಿಗೋವರೆಗೆ. "ಇಷ್ಟು ಸಾಕು ಬಿಡು" ಅನ್ನೋ ಆಸೆ ಇಲ್ಲೇ ಜಾಸ್ತಿ ಬರೋದು. ಬಿಟ್ಟ ಒಂದು ಒದ್ದೆ ತುಂಡಿನಿಂದ ಮತ್ತೆ ಎಲ್ಲ ಶುರುವಾಗುತ್ತೆ.

ಮೇಲ್ಪದರ, ತಿರುಳು ಎರಡೂ ಹೋದ ಮೇಲೆ ಕೆಳಪದರ ಹಪ್ಪಳದ ಹಾಗೆ ಜೋತುಬೀಳುತ್ತೆ. ಅದಕ್ಕೆ ಕೆಳಗಿಂದ ಹಲಗೆ, ಕೋಲು ಕೊಟ್ಟು ಮೊದಲಿದ್ದ ಆಕಾರಕ್ಕೆ ಎತ್ತಿ ನಿಲ್ಲಿಸಬೇಕು. ನೆಲ ಕಿಂಡಿಗಳ ಕಡೆ ಸ್ವಲ್ಪ ಇಳಿಜಾರಾಗಿರಬೇಕು. ಇಲ್ಲಿ ತಪ್ಪಿದ್ರೆ ರಿಪೇರಿ ಮುಗಿದ ಮೇಲೆ ನೀರು ಮಧ್ಯದಲ್ಲೇ ನಿಲ್ಲುತ್ತೆ, ಅದೂ ಶಾಶ್ವತವಾಗಿ. ಆಮೇಲೆ ಫ್ಯಾನ್ ಹಾಕಿ ಒಂದು ವಾರ ಒಣಗಿಸಿದ್ವಿ.

ಹೊಸ ತಿರುಳು, ಹಾಗೂ ಹೊಗೆ ಬಂದ ಡಬ್ಬಿ

ಒಳಗೆ ಏನು ಹಾಕೋದು? ಬಾಲ್ಸಾ ಮತ್ತೆ ಹಾಕಬಹುದು. ಹಗುರ, ಗಟ್ಟಿ, ಅಂಟು ಚೆನ್ನಾಗಿ ಹಿಡಿಯುತ್ತೆ. ಆದ್ರೆ ನೀರು ಬಂದ್ರೆ ಮತ್ತೆ ಕೊಳೆಯುತ್ತೆ. ಮರೀನ್ ಪ್ಲೈವುಡ್ ಬಲವಾಗಿರುತ್ತೆ, ತೂಕ ಜಾಸ್ತಿ, ಅದೂ ಕೊಳೆಯುತ್ತೆ. ನೀರು ಹೀರದ ಗಟ್ಟಿ ಫೋಮ್ ಕೊಳೆಯಲ್ಲ, ಆದ್ರೆ ಬೋಲ್ಟ್ ಬಿಗಿದ್ರೆ ಜಜ್ಜಿ ಹೋಗುತ್ತೆ. ನಾವು ಮಾಡಿದ್ದು: ಎಲ್ಲ ಕಡೆ ಫೋಮ್, ಕಂಬ ಕೂರೋ ಜಾಗದಲ್ಲಿ ಮತ್ತು ಕಿಂಡಿಗಳ ಸುತ್ತ ಜಿ-10 ಅನ್ನೋ ಗಾಜು-ಎಪಾಕ್ಸಿಯ ಗಟ್ಟಿ ಹಲಗೆ. ಅದು ಕೊಳೆಯಲ್ಲ, ಜಜ್ಜಲ್ಲ.

ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತೆ, ರೆಸಿನ್ ಮತ್ತು ಹಾರ್ಡನರ್. ನಾವು ಬಳಸಿದ ವೆಸ್ಟ್ ಸಿಸ್ಟಮ್‌ನಲ್ಲಿ ಐದು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್. "ಬೇಗ ಒಣಗಲಿ ಅಂತ ಸ್ವಲ್ಪ ಜಾಸ್ತಿ ಹಾಕೋಣ" ಅನ್ನೋ ನಮ್ಮ ಸಿಮೆಂಟ್ ಬುದ್ಧಿ ಇಲ್ಲಿ ನಡೆಯಲ್ಲ. ಅಳತೆ ತಪ್ಪಿದ್ರೆ ಅದು ಯಾವತ್ತೂ ಸರಿಯಾಗಿ ಗಟ್ಟಿಯಾಗಲ್ಲ.

ನನ್ನ ತಪ್ಪು ಬೇರೆ ಥರದ್ದು. ಪದೇ ಪದೇ ಕಲಸೋದು ಯಾಕೆ ಅಂತ ಒಂದೇ ಸಲ ದೊಡ್ಡ ಡಬ್ಬಿ ತುಂಬ ಕಲಸಿದೆ. ಹತ್ತು ನಿಮಿಷಕ್ಕೆ ಡಬ್ಬಿ ಕೈ ಸುಡೋಕೆ ಶುರುವಾಯ್ತು, ಆಮೇಲೆ ಹೊಗೆ! ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತೆ. ಆಳವಾದ ಡಬ್ಬಿಯಲ್ಲಿ ಆ ಬಿಸಿ ಹೊರಗೆ ಹೋಗಲ್ಲ, ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತೆ, ಇನ್ನಷ್ಟು ಬಿಸಿ ಹುಟ್ಟುತ್ತೆ. ಭಾವ ಓಡಿ ಬಂದು ಡಬ್ಬಿಯನ್ನ ಹೊರಗೆ ಜಲ್ಲಿ ಮೇಲೆ ಇಟ್ರು. ಸುಮಾರು 40 ಡಾಲರ್ ಕಲ್ಲಾಯ್ತು. ಅದಾದ ಮೇಲೆ ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ಟ್ರೇಗೆ ಸುರಿದುಕೊಂಡು ಕೆಲಸ ಮಾಡಿದ್ವಿ.

ಅಂಟಿಸೋ ಕ್ರಮ ಹೀಗೆ. ಕೆಳಪದರವನ್ನ ಅಸಿಟೋನ್‌ನಿಂದ ಒರೆಸಬೇಕು, ಆಮೇಲೆ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಕು. ಈ ಕ್ರಮ ತಿರುಗಿಸಿದ್ರೆ ಮೇಲಿದ್ದ ಜಿಡ್ಡನ್ನ ನೀವೇ ಒಳಗೆ ಉಜ್ಜಿದ ಹಾಗೆ. ತಿರುಳಿನ ತುಂಡುಗಳನ್ನ ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ ನಂಬರ್ ಹಾಕಬೇಕು. ಆಮೇಲೆ ಎರಡೂ ಮೈಗೆ ತೆಳು ಎಪಾಕ್ಸಿ ಬಳಿಯಬೇಕು. ಅದರ ಮೇಲೆ ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ. ಹದ ಹೇಗಿರಬೇಕು? ದೋಸೆ ಹಿಟ್ಟಿನಷ್ಟು ತೆಳುವಾದ್ರೆ ಹರಿದು ಹೋಗುತ್ತೆ, ಗಟ್ಟಿ ಚಟ್ನಿಯ ಹಾಗೆ ಚಮಚದಲ್ಲಿ ನಿಲ್ಲಬೇಕು. ಅದನ್ನ ಹಲ್ಲಿರೋ ಕರಣೆಯಿಂದ ಹರಡಿ, ತುಂಡುಗಳನ್ನ ಒತ್ತಿ ಕೂರಿಸಿದಾಗ ಸಂದುಗಳಿಂದ ಅಂಟು ಉಬ್ಬಿ ಬರಬೇಕು. ಬಂತು ಅಂದ್ರೆ ಒಳಗೆ ಗಾಳಿ ಉಳಿದಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳು ಚೀಲ, ರಾತ್ರಿಯಿಡೀ.

ಮುಚ್ಚೋದು

ಕತ್ತರಿಸಿ ಎತ್ತಿದ್ದ ಹಳೇ ಮೇಲ್ಪದರ ಚೆನ್ನಾಗೇ ಇತ್ತು. ಅದರ ಕೆಳಮೈ ಉಜ್ಜಿ ಅದೇ ರೀತಿ ಅಂಟಿಸಿದ್ವಿ. ಈಗ ಸುತ್ತಲೂ ಒಂದು ಕತ್ತರಿಸಿದ ಗೆರೆ ಉಳೀತು. ಅದನ್ನ ಬರೀ ಫಿಲ್ಲರ್ ಹಾಕಿ ಮುಚ್ಚಿದ್ರೆ ಮೊದಲ ಬೇಸಿಗೆಯಲ್ಲೇ ಬಿರುಕು. ಗೆರೆಯ ಎರಡೂ ಕಡೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು, ಒಂದು ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಉದ್ದದ ಲೆಕ್ಕದಲ್ಲಿ. ನಮ್ಮ 4 ಮಿ.ಮೀ. ಪದರಕ್ಕೆ ಪ್ರತಿ ಕಡೆ 48 ಮಿ.ಮೀ. ಸುತ್ತ ಐದಾರು ಸೆಂಟಿಮೀಟರ್ ಅಂಚು ಬಿಡಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಈ ಕಣಿವೆಯಂಥ ಜಾಗಕ್ಕೆ ಎಪಾಕ್ಸಿಯಲ್ಲಿ ತೋಯಿಸಿದ ಗ್ಲಾಸ್ ಬಟ್ಟೆಯನ್ನ ಪದರ ಪದರವಾಗಿ ತುಂಬಬೇಕು. ಇಳಿಜಾರು ಉದ್ದ ಇದ್ದಷ್ಟೂ ಹಳೇದು ಹೊಸದು ಹಿಡಿದುಕೊಳ್ಳೋ ಜಾಗ ಜಾಸ್ತಿ.

ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಒಂದು ತೆಳು ಜಿಡ್ಡು ಬರಬಹುದು. ಅದು ನೀರಲ್ಲೇ ಹೋಗುತ್ತೆ. ಪಾತ್ರೆ ತಿಕ್ಕೋ ನಾರಿನಿಂದ ನೀರು ಹಾಕಿ ತೊಳೆದು ಆಮೇಲೆ ಉಜ್ಜಿ. ಕೊನೆಗೆ ನಯ ಮಾಡಿ, ಪ್ರೈಮರ್, ಕಾಲು ಜಾರದ ಒರಟು ಬಣ್ಣ. ಬಣ್ಣ ಅಂದಕ್ಕೆ ಮಾತ್ರ ಅಲ್ಲ, ಬಿಸಿಲು ನೇರ ಬಿದ್ರೆ ಎಪಾಕ್ಸಿ ಹಾಳಾಗುತ್ತೆ.

ನಿಜವಾದ ರಿಪೇರಿ ನಾಲ್ಕು ತೂತಿನದು

ಇಷ್ಟೆಲ್ಲ ಆದ ಮೇಲೆ ಕಂಬವನ್ನ ಮೊದಲಿನ ಹಾಗೇ ಡ್ರಿಲ್ ಹೊಡೆದು ಕೂರಿಸಿದ್ರೆ? ಇನ್ನು ಕೆಲವು ವರ್ಷಕ್ಕೆ ನೀರು ಮತ್ತೆ ಅದೇ ದಾರಿ ಹಿಡಿಯುತ್ತೆ. ನೆಲ ಕೊಳೆತಿದ್ದು ಪರಿಣಾಮ, ರೋಗ ಇದ್ದಿದ್ದು ಬೋಲ್ಟ್ ರಂಧ್ರದಲ್ಲಿ.

ಸರಿಯಾದ ವಿಧಾನ ಇದು. ಬೋಲ್ಟ್‌ಗಿಂತ ದೊಡ್ಡ ರಂಧ್ರ ಕೊರೆದು, ಅದರಿಂದ ತಿರುಳನ್ನ ಸುತ್ತಲೂ ಸ್ವಲ್ಪ ಕೆದಕಿ ತೆಗೆದು, ಪೂರ್ತಿ ಗಟ್ಟಿ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಮೇಲೆ ಅದರ ಮಧ್ಯದಲ್ಲಿ ಬೋಲ್ಟ್ ಅಳತೆಯ ರಂಧ್ರ. ಈಗ ನೀರು ಬಂದ್ರೂ ಅದು ಎಪಾಕ್ಸಿಯ ಕೊಳವೆಯಲ್ಲಿ ಇಳಿದು ಕೆಳಗೆ ತೊಟ್ಟಿಕ್ಕುತ್ತೆ, ಕಣ್ಣಿಗೆ ಕಾಣುತ್ತೆ. ತಿರುಳಿಗೆ ಸೇರೋಕೆ ದಾರಿಯೇ ಇಲ್ಲ. ಕಂಬದ ಕೆಳಗೆ ನಮ್ಮದು ಜಿ-10 ಹಲಗೆ, ಹಾಗಾಗಿ ಅಲ್ಲಿ ಈ ಕೆಲಸ ಸುಲಭ ಆಯ್ತು. ಆದ್ರೆ ಡೆಕ್ ಮೇಲಿನ ಉಳಿದ ಎಲ್ಲ ಬೋಲ್ಟ್‌ಗಳಿಗೂ ಭಾವ ಇದನ್ನೇ ಮಾಡ್ತಿದ್ದಾರೆ, ವಾರಕ್ಕೆ ನಾಲ್ಕೈದರಂತೆ.

ಲೆಕ್ಕ ಪುಸ್ತಕ

ನನ್ನ ಡೈರಿ ಪ್ರಕಾರ ಸಾಮಾನಿಗೆ ಆದ ಖರ್ಚು 940 ಡಾಲರ್, ಕಲ್ಲಾದ ಡಬ್ಬಿಯೂ ಸೇರಿ. ಸಮಯ ಏಳು ವಾರಾಂತ್ಯ. ಕಟ್ಟಿದ ದಿನವೇ ಆ ನಾಲ್ಕು ರಂಧ್ರಕ್ಕೆ ಎಪಾಕ್ಸಿ ತುಂಬಿದ್ದಿದ್ರೆ? ಒಂದು ಲೋಟ ಎಪಾಕ್ಸಿ, ಒಂದು ಗಂಟೆ ಕೆಲಸ.

ಅಕೌಂಟ್ಸ್ ಕ್ಲಾಸಲ್ಲಿ ಸವಕಳಿ ಅಂತ ಒಂದು ಪಾಠ ಇತ್ತು. ಆಸ್ತಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸವೆಯುತ್ತೆ, ಅದನ್ನ ಪ್ರತಿ ವರ್ಷ ಪುಸ್ತಕದಲ್ಲಿ ತೋರಿಸಬೇಕು. ಈ ನೆಲದ ಸವಕಳಿಯನ್ನ 40 ವರ್ಷ ಯಾರೂ ಬರೆಯಲಿಲ್ಲ. ಗೊತ್ತಾದವರು ಅದರ ಮೇಲೆ ಬಣ್ಣ ಹೊಡೆದು ಮುಂದಿನವರಿಗೆ ದಾಟಿಸಿದ್ರು. ಸಾಲ ತೀರಲಿಲ್ಲ, ಸಾಲಗಾರ ಬದಲಾದ ಅಷ್ಟೇ.

ಅಕ್ಕ ಈಗ ಒಂದು ಫೋಲ್ಡರ್ ಮಾಡಿದ್ದಾಳೆ. ತೂತುಗಳ ಫೋಟೊ, ಕಪ್ಪು ಮುದ್ದೆಯ ಫೋಟೊ, ಹೊಸ ತಿರುಳಿನದು, ಬಿಲ್‌ಗಳು, ತಾರೀಖು ಎಲ್ಲ ಇದೆ. ಯಾವತ್ತಾದ್ರೂ ದೋಣಿ ಮಾರಿದ್ರೆ ಬೀಗದ ಕೈ ಜೊತೆ ಅದನ್ನೂ ಕೊಡ್ತಾರಂತೆ.

ದೋಣಿ ನೀರಿಗಿಳಿದ ದಿನ ನಾನೂ ಇದ್ದೆ. ಭಾವ ಚಕ್ರ ಹಿಡಿದು ಜೋರಾಗಿ ಎಳೆದು ನೋಡಿದ್ರು. ಕಂಬ ಕದಲಲಿಲ್ಲ. ನಮ್ಮ ಪುಟ್ಟ ಮಾತ್ರ ನೆಲದ ಮೇಲೆ ಎಷ್ಟು ಸಲ ಕುಣಿದ ಅಂತ ಲೆಕ್ಕ ಇಟ್ಟಿಲ್ಲ. ಯಾರೂ ಬೇಡ ಅನ್ನಲಿಲ್ಲ.

ಸರಿ, ಈಗ ನಿಮ್ಮ ಸರದಿ. ಆ ಸಿಂಕ್ ಕೆಳಗಿನ ಕಪಾಟು ಮರೀಬೇಡಿ. ಮೆತ್ತಗಾಗಿದ್ರೆ ಹಲಗೆ ಬದಲಿಸೋ ಮುಂಚೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ. ಪೈಪಿನ ಜಾಯಿಂಟಾ, ಸ್ಕ್ರೂ ತೂತಾ, ಅಂಚಿನ ಪಟ್ಟಿ ಬಿಟ್ಟಿದ್ಯಾ ನೋಡಿ. ಅದನ್ನ ಮೊದಲು ಮುಚ್ಚಿ, ಆಮೇಲೆ ಹಲಗೆ. ಬಾಡಿಗೆ ಮನೆಯಾದ್ರೆ ಖಾಲಿ ಮಾಡೋ ಮುಂಚೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ. ಮುಂದೆ ಬರೋರು ನಿಮಗೆ ಗೊತ್ತಿರಲ್ಲ, ನಿಜ. ಆದ್ರೂ ಹೇಳಿ.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗ್ತೀನಿ. ಅಲ್ಲಿವರೆಗೆ ತಟ್ಟಿ ನೋಡ್ತಾ ಇರಿ. ನಮಸ್ಕಾರ!